ಲ್ಯಾಪ್‌ಟಾಪ್ ಕೊಡಲಿಲ್ಲ, ನೋಟಿಸ್ ಕೊಟ್ಟರು: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಪ್ರಥಮ ದರ್ಜೆ ಸಹಾಯಕಿ. ಸೇವೆಗೆ ಸೇರಿ ಹತ್ತೊಂಬತ್ತು ವರ್ಷವಾಯಿತು. ವಿಶ್ವವಿದ್ಯಾಲಯದ ಹೆಸರನ್ನಾಗಲಿ ಜಿಲ್ಲೆಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ನನ್ನ ಮೇಲಿನ ನೋಟಿಸಿನ ಕಡತ ಇನ್ನೂ ಮುಕ್ತಾಯವಾಗಿಲ್ಲ. ಬೇರೆ ವಿಶ್ವವಿದ್ಯಾಲಯಗಳ ಪರೀಕ್ಷಾ ವಿಭಾಗಗಳಲ್ಲಿ ನನ್ನ ಗೆಳತಿಯರಿದ್ದಾರೆ. ಫಲಿತಾಂಶದ ದಿನಗಳಲ್ಲಿ ರಾತ್ರಿ ಹನ್ನೊಂದಕ್ಕೆ ಅವರಿಂದ ಫೋನ್ ಬಂದರೆ ನಾವು ಹೇಳಿಕೊಳ್ಳುವ ಕಷ್ಟ ಒಂದೇ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ತಾವು ಸಮಕುಲಾಧಿಪತಿಗಳು. ಕುಲಸಚಿವರಿಂದ ಹಣಕಾಸು ಅಧಿಕಾರಿಗೆ, ಅಲ್ಲಿಂದ ಮತ್ತೆ ಕುಲಸಚಿವರಿಗೆ ಮೂರು ವರ್ಷ ತಿರುಗಿದ ಮನವಿಯನ್ನು ಬೇರೆ ದಾರಿ ಕಾಣದೆ ತಮ್ಮ ಮುಂದೆಯೇ ಇಡುತ್ತಿದ್ದೇನೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಮನೆಯಲ್ಲಿ ಕುಳಿತು ಕಚೇರಿಯ ಕೆಲಸ ಮಾಡಬೇಕೆಂದರೆ ಕಚೇರಿಯ ಲ್ಯಾಪ್‌ಟಾಪ್ ಕೊಡಿ, ಕಚೇರಿಯ ಸಿಮ್ ಕೊಡಿ, ಕಚೇರಿಯ ಕಡತವನ್ನು ಮನೆಯಿಂದ ಸುರಕ್ಷಿತವಾಗಿ ತೆರೆಯುವ ವ್ಯವಸ್ಥೆ ಕೊಡಿ. ಕೊಡಲು ಆಗದಿದ್ದರೆ ಮನೆಯಿಂದ ಕೆಲಸ ಮಾಡಿಸಬೇಡಿ.

2020ರ ಮಾರ್ಚ್‌ನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ನಾವು ಯಾರೂ ಏನೂ ಕೇಳಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ. ಅಧ್ಯಾಪಕರು ನಲವತ್ತು ನಿಮಿಷಕ್ಕೆ ಕಡಿದುಹೋಗುವ ಉಚಿತ ಜೂಮ್‌ನಲ್ಲಿ ಪಾಠ ಮಾಡಿದರು. ಅದು ಸುರಕ್ಷಿತವಲ್ಲ ಎಂದು ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಎಚ್ಚರಿಸಿದ ಮೇಲೆ ಇನ್ನೊಂದಕ್ಕೆ ಹೋದರು. ನಾವು ಅಂಕಗಳ ಪಟ್ಟಿಯನ್ನು ಸ್ವಂತ ಮೊಬೈಲಿನಲ್ಲಿ ತೆರೆದು, ಬೆರಳಿನಲ್ಲಿ ಹಿಗ್ಗಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ತಾಳೆ ನೋಡಿದೆವು. ಮರುವರ್ಷ ಸರ್ಕಾರಿ ಪದವಿ ಕಾಲೇಜುಗಳ ಮಕ್ಕಳಿಗೆ ಸರ್ಕಾರ ಟ್ಯಾಬ್ ಹಂಚಿತು. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ಆ ಮಕ್ಕಳ ಅಂಕ, ಹಾಜರಾತಿ, ಪದವಿ ಪ್ರಮಾಣಪತ್ರಗಳನ್ನು ನೋಡಿಕೊಳ್ಳುವ ಸಿಬ್ಬಂದಿಯ ಕೈಯಲ್ಲಿ ಏನಿದೆ ಎಂದು ಆಗ ಯಾರೂ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಕೊರೊನಾ ಹೋಯಿತು, ಮನೆಯಿಂದ ಕೆಲಸ ಹೋಗಲಿಲ್ಲ. ಈಗ ಅದಕ್ಕೆ ಹೆಸರಿಲ್ಲ, ಆದೇಶವಿಲ್ಲ, ಅಷ್ಟೇ. ಹಗಲಿನಲ್ಲಿ ಎಲ್ಲ ಕಾಲೇಜುಗಳೂ ಒಟ್ಟಿಗೆ ನುಗ್ಗುವುದರಿಂದ ನಮ್ಮ ತಂತ್ರಾಂಶ ತೆರೆದುಕೊಳ್ಳುವುದೇ ಇಲ್ಲ. ‘ರಾತ್ರಿ ಮಾಡಿ, ಸರ್ವರ್ ಖಾಲಿ ಇರುತ್ತದೆ’ ಎಂಬುದು ಬಾಯಿಮಾತಿನ ಸೂಚನೆ. ರಾತ್ರಿ ಮಾಡುತ್ತೇವೆ. 2021ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪಠ್ಯಕ್ರಮ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿ ಬಂತು, ಹಳೆಯ ಪಠ್ಯಕ್ರಮದಲ್ಲಿ ಬಾಕಿ ಉಳಿಸಿಕೊಂಡವರು ಇನ್ನೂ ಪರೀಕ್ಷೆ ಬರೆಯುತ್ತಲೇ ಇದ್ದಾರೆ. ಮೂರು ಬಗೆಯ ಕ್ರೆಡಿಟ್ ಲೆಕ್ಕ, ಮೂರು ಬಗೆಯ ಅಂಕಪಟ್ಟಿ. ಇದೆಲ್ಲ ಐದೂವರೆಗೆ ಮುಗಿಯುವ ಕೆಲಸವಲ್ಲ ಎಂದು ತಮಗೆ ಗೊತ್ತಿದೆ, ನಮ್ಮ ಅಧಿಕಾರಿಗಳಿಗೂ ಗೊತ್ತಿದೆ. ದಿನಕ್ಕೆ ಒಂದೂವರೆ ಜಿಬಿಯ ನನ್ನ ಸ್ವಂತ ಡೇಟಾ ಈ ಕೆಲಸಕ್ಕೆ ಕರಗುತ್ತದೆ. 2024ರ ಜುಲೈನಲ್ಲಿ ಮೊಬೈಲ್ ದರ ಏರಿದಾಗ ಏರಿದ್ದೂ ನನ್ನ ಜೇಬಿನಿಂದಲೇ ಹೋಯಿತು. ಹೋಗಲಿ, ಅದನ್ನು ಎತ್ತಿ ಆಡುವುದಿಲ್ಲ.

ನಾನು ಬರೆಯಲು ಕುಳಿತದ್ದು ಕಳೆದ ಘಟಿಕೋತ್ಸವದ ಕಾರಣಕ್ಕೆ.

ಶನಿವಾರ ಸಂಜೆ ಏಳೂವರೆ. ಅನ್ನಕ್ಕೆ ಕುಕ್ಕರ್ ಇಟ್ಟಿದ್ದೆ. ವಾಟ್ಸಾಪ್‌ನಲ್ಲಿ ಒಂದು ಕಡತ ಬಂತು: ಪದವಿ ಪ್ರಮಾಣಪತ್ರಗಳಲ್ಲಿ ಅಚ್ಚಾಗಬೇಕಾದ ಹೆಸರುಗಳ ಕನ್ನಡ ಪಟ್ಟಿ, ಎರಡು ಸಾವಿರದ ಮುನ್ನೂರು ಚಿಲ್ಲರೆ. ಕೆಳಗೆ ಒಂದು ಸಾಲು: ‘ಸೋಮವಾರ ಬೆಳಿಗ್ಗೆ ಎಂಟಕ್ಕೆ ಮುದ್ರಣಾಲಯಕ್ಕೆ ಹೋಗಬೇಕು, ತಿದ್ದಿ ಯುನಿಕೋಡ್‌ನಲ್ಲಿ ಕಳುಹಿಸಿ.’ ಯುನಿಕೋಡ್ ಎಂದರೆ ಯಾವ ಯಂತ್ರದಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತ. ಭಾನುವಾರ ಕಚೇರಿಗೆ ಬೀಗ. ಕೀಲಿ ಕೇಳಿದೆ. ಭದ್ರತಾ ಕಾರಣಕ್ಕೆ ರಜಾದಿನ ಕೊಠಡಿ ತೆರೆಯುವಂತಿಲ್ಲ ಎಂದರು.

ನನ್ನ ಬಳಿ ಕಂಪ್ಯೂಟರ್ ಇಲ್ಲ. ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಕಂತಿನಲ್ಲಿ ಕೊಡಿಸಿದ ಅವಳ ಲ್ಯಾಪ್‌ಟಾಪ್ ಇದೆ. ಸೋಮವಾರ ಅವಳಿಗೆ ಆಂತರಿಕ ಪರೀಕ್ಷೆ ಇತ್ತು. ಒಂದು ಮಾತೂ ಆಡದೆ ತನ್ನ ಟಿಪ್ಪಣಿಗಳನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಯಂತ್ರವನ್ನು ನನ್ನ ಮುಂದಿಟ್ಟಳು. ಕಡತ ತೆರೆದರೆ ಕನ್ನಡವೇ ಇಲ್ಲ. ‘ನ’ ಇರಬೇಕಾದ ಕಡೆಯೆಲ್ಲ ಪೌಂಡಿನ ಗುರುತು, ಉಳಿದಲ್ಲಿ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಪಟ್ಟಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿತ್ತು. ಕಚೇರಿಯ ಯಂತ್ರದಲ್ಲಿ ವಿಂಡೋಸ್ ಇದೆ, ನುಡಿ ಇದೆ. ಮಗಳ ಯಂತ್ರದಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ, ನುಡಿ ಇಲ್ಲ. ಇದು ನುಡಿಯ ತಪ್ಪಲ್ಲ, ಅದರಲ್ಲಿಯೇ ಯುನಿಕೋಡ್ ಆಯ್ಕೆಯೂ ಇದೆ. ಸರ್ಕಾರಿ ಕೆಲಸವೆಲ್ಲ ಯುನಿಕೋಡ್‌ನಲ್ಲಿ ಆಗಬೇಕೆಂದು ಆದೇಶವಾಗಿ ಹತ್ತು ವರ್ಷ ದಾಟಿದೆ. ತಮಗೆ ತಿಳಿಯದ ಆದೇಶವಲ್ಲ. ನಮ್ಮಲ್ಲಿ ಪಾಲಿಸಿದವರಿಲ್ಲ.

ಅಂತರಜಾಲದಲ್ಲಿ ಸಿಕ್ಕ ಪರಿವರ್ತಕದಲ್ಲಿ ಪಟ್ಟಿಯನ್ನು ಹಾಕಿದೆ. ಕನ್ನಡವೇನೋ ಬಂತು. ಅರ್ಕಾವತ್ತು ಎಲ್ಲಿದೆಯೋ ಅಲ್ಲೆಲ್ಲ ಹೆಸರು ಕೆಟ್ಟಿತ್ತು. ಹರ್ಷಿತಾ ‘ಹಷಿರ್ತಾ’ ಆಗಿತ್ತು, ಕೀರ್ತನಾ ‘ಕೀತರ್ನಾ’ ಆಗಿತ್ತು. ಕನ್ನಡದಲ್ಲಿ ಅರ್ಕಾವತ್ತಿಲ್ಲದ ಹೆಸರು ಎಷ್ಟಿದ್ದರೂ, ಇರುವ ಹೆಸರೂ ಕಡಿಮೆಯಿಲ್ಲ. ಶನಿವಾರ ರಾತ್ರಿ, ಭಾನುವಾರ ಹಗಲು, ಭಾನುವಾರ ರಾತ್ರಿ ಒಂದೊಂದಾಗಿ ಹುಡುಕಿ ತಿದ್ದಿದೆ. ಮಗಳು ಓದು ಬಿಟ್ಟು ಪಕ್ಕದಲ್ಲಿ ಕುಳಿತು ಇಂಗ್ಲಿಷ್ ಪಟ್ಟಿಯಿಂದ ಹೆಸರು ಕೂಗಿದಳು. ನಸುಕಿನ ನಾಲ್ಕಕ್ಕೆ ಡೇಟಾ ಮುಗಿಯಿತು. ಪಕ್ಕದ ಮನೆಯವರನ್ನು ಎಬ್ಬಿಸಿ ವೈಫೈ ಗುಪ್ತಪದ ಕೇಳಿ ಕಳುಹಿಸಿದೆ.

ಹದಿನಾಲ್ಕು ಹೆಸರು ನನ್ನ ಕಣ್ಣು ತಪ್ಪಿಸಿದ್ದವು.

ಘಟಿಕೋತ್ಸವ ಮುಗಿದ ಮೂರನೆಯ ದಿನ ಕೌಂಟರಿಗೆ ಒಬ್ಬ ತಂದೆ ಬಂದರು. ಮಗಳನ್ನು ಕರೆತಂದಿರಲಿಲ್ಲ, ಅಳುತ್ತಿದ್ದಾಳೆ ಎಂದರು. ಪ್ರಮಾಣಪತ್ರವನ್ನು ಬಟ್ಟೆಯ ಚೀಲದಲ್ಲಿ, ಎರಡು ರಟ್ಟಿನ ನಡುವೆ ಮಡಿಕೆ ಬೀಳದ ಹಾಗೆ ಇಟ್ಟುಕೊಂಡು ಬಂದಿದ್ದರು. ಇಂಗ್ಲಿಷ್ ಓದಲು ಬಾರದವರು. ಕನ್ನಡದ ಹೆಸರಿನ ಕೆಳಗೆ ಬೆರಳಿಟ್ಟು, ‘ಅಮ್ಮಾ, ಇದು ನನ್ನ ಮಗಳ ಹೆಸರಲ್ಲವಲ್ಲ’ ಎಂದರು. ಗದರಲಿಲ್ಲ. ಗದರಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವರ ಮನೆಯಲ್ಲಿ ಪದವಿ ಪಡೆದ ಮೊದಲ ಮಗು ಅದು.

ತಪ್ಪು ನನ್ನದು, ಒಪ್ಪಿಕೊಂಡೆ. ಹೊಸ ಪ್ರಮಾಣಪತ್ರ ಆ ಹದಿನಾಲ್ಕು ಮಂದಿಗೂ ಬೇಗ ಸಿಗಲಿ ಎಂದು ನಾನೇ ಟಿಪ್ಪಣಿ ಮಂಡಿಸಿದೆ. ವಾರ ಕಳೆಯುವುದರೊಳಗೆ ನನ್ನ ಮೇಜಿಗೆ ಬಂದದ್ದು ಕಾರಣ ಕೇಳುವ ನೋಟಿಸ್. ಮೊದಲನೆಯ ಆರೋಪ ಕರ್ತವ್ಯಲೋಪ. ಅದಕ್ಕೆ ಉತ್ತರ ಕೊಡುತ್ತೇನೆ. ಎರಡನೆಯದನ್ನು ತಾವು ದಯವಿಟ್ಟು ಎರಡು ಸಲ ಓದಬೇಕು: ಕಚೇರಿಯ ದತ್ತಾಂಶವನ್ನು ಅನುಮತಿಯಿಲ್ಲದೆ ಖಾಸಗಿ ಸಾಧನದಲ್ಲಿ ನಿರ್ವಹಿಸಿರುವುದು.

ನನ್ನ ಖಾಸಗಿ ಮೊಬೈಲಿಗೆ ಕಡತ ಕಳುಹಿಸಿದವರು ಯಾರು? ಕೊಠಡಿಯ ಕೀಲಿ ಕೊಡುವುದಿಲ್ಲ ಎಂದವರು ಯಾರು? ಕಚೇರಿಯ ಸಾಧನ ಒಂದೂ ಇಲ್ಲದ ಮನೆಯಲ್ಲಿ ಎರಡು ಸಾವಿರದ ಮುನ್ನೂರು ಹೆಸರುಗಳನ್ನು ನಾನು ಯಾವುದರಲ್ಲಿ ತಿದ್ದಬೇಕಿತ್ತು, ಸ್ಲೇಟಿನಲ್ಲಿಯೇ? ಮಾತು ಖಾರವಾಯಿತು, ಕ್ಷಮಿಸಿ. ಹತ್ತೊಂಬತ್ತು ವರ್ಷದಲ್ಲಿ ನನ್ನ ಸೇವಾ ಪುಸ್ತಕದಲ್ಲಿ ಒಂದು ಕೆಂಪು ಗೆರೆಯೂ ಇರಲಿಲ್ಲ.

ದತ್ತಾಂಶದ ಚಿಂತೆ ನನಗಿಲ್ಲವೆಂದು ತಿಳಿಯಬೇಡಿ. ಅದು ನೋಟಿಸ್ ಕೊಟ್ಟವರಿಗಿಂತ ನನಗೇ ಹೆಚ್ಚು. ಎರಡು ವರ್ಷದ ಹಿಂದೆ ನನ್ನ ಮೊಬೈಲಿನ ಪರದೆ ಒಡೆಯಿತು. ಬಸ್ ನಿಲ್ದಾಣದ ಪಕ್ಕದ ರಿಪೇರಿ ಅಂಗಡಿಯ ಹುಡುಗ ‘ಲಾಕ್ ತೆಗೆದುಕೊಡಿ, ಸಂಜೆ ಬನ್ನಿ’ ಎಂದ. ಅದರೊಳಗೆ ವಿದ್ಯಾರ್ಥಿವೇತನದ ತಿದ್ದುಪಡಿಗೆಂದು ಬಂದ ನೂರಾರು ಮಕ್ಕಳ ಆಧಾರ್ ಪ್ರತಿಗಳಿದ್ದವು, ಬ್ಯಾಂಕ್ ಪಾಸ್‌ಬುಕ್‌ಗಳಿದ್ದವು, ಜಾತಿ ಪ್ರಮಾಣಪತ್ರಗಳಿದ್ದವು. ಕಚೇರಿಗೆ ಹೋಗಲಿಲ್ಲ. ರಜೆ ಚೀಟಿ ಬರೆದು, ಸಂಜೆಯವರೆಗೆ ಆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅವನ ಕೈಯನ್ನೇ ನೋಡುತ್ತಿದ್ದೆ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿದೆ. ಮಕ್ಕಳ ದಾಖಲೆ ಹೀಗೆ ಊರಿನ ಮೊಬೈಲುಗಳಲ್ಲಿ ಚದುರಿ ಬಿದ್ದಿದ್ದರೆ ಆ ಕಾಯ್ದೆಯ ಹೊಣೆ ಹೊರಬೇಕಾದದ್ದು ಗುಮಾಸ್ತೆಯೇ, ಸಂಸ್ಥೆಯೇ?

ಲ್ಯಾಪ್‌ಟಾಪ್ ಕೇಳಿದರೆ ಬರುವ ಉತ್ತರಗಳು ನನಗೆ ಬಾಯಿಪಾಠ. ‘ಸರ್ಕಾರಿ ಖರೀದಿಯ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಆಗಬೇಕು.’ ಆಗಲಿ, ಕರೆಯಿರಿ, ಕಾಯ್ದೆ ಖರೀದಿಯನ್ನು ನಿಷೇಧಿಸಿಲ್ಲ. ‘ಕಂಪ್ಯೂಟರುಗಳು ದಾಸ್ತಾನು ವಹಿಯಲ್ಲಿ ಕೊಠಡಿಯ ಹೆಸರಿಗಿವೆ, ಹೊರಗೆ ಒಯ್ಯುವಂತಿಲ್ಲ.’ ಹಾಗಾದರೆ ನನ್ನ ಹೆಸರಿಗೆ ಒಂದು ಬರೆಯಿರಿ, ಸಹಿ ಹಾಕಿ ಒಯ್ಯುತ್ತೇನೆ, ನಿವೃತ್ತಿಯ ದಿನ ಒಪ್ಪಿಸಿ ಹೋಗುತ್ತೇನೆ. ‘ಅನುದಾನವಿಲ್ಲ.’ ಇದಕ್ಕೆ ಮಾತ್ರ ನನ್ನ ಬಳಿ ಉತ್ತರವಿಲ್ಲ, ತಮ್ಮ ಬಳಿ ಇದೆ. ಮೂರು ವರ್ಷದಲ್ಲಿ ನನ್ನ ಮನವಿಯ ಅಂಚಿನಲ್ಲಿ ಬಿದ್ದ ಷರಾಗಳು ಎರಡೇ: ‘ಪರಿಶೀಲಿಸಿ ಮಂಡಿಸಿ’ ಮತ್ತು ‘ಚರ್ಚಿಸಿ’. ಚರ್ಚಿಸಲು ಯಾರೂ ಕರೆಯಲಿಲ್ಲ.

ನಮ್ಮ ವಿಭಾಗದ ಹೊರಗುತ್ತಿಗೆಯ ಹುಡುಗಿಯರ ಪಾಡನ್ನು ಇಲ್ಲಿ ಸೇರಿಸಲೇಬೇಕು. ನನಗೆ ಸಂಬಳವಾದರೂ ತಿಂಗಳಿಗೆ ಸರಿಯಾಗಿ ಬರುತ್ತದೆ. ಅವರಿಗೆ ಅದೂ ಇಲ್ಲ. ರಾತ್ರಿ ಅಂಕ ತುಂಬುವುದು ಅವರೂ, ಸ್ವಂತ ಮೊಬೈಲಿನಲ್ಲಿ, ಸ್ವಂತ ರೀಚಾರ್ಜಿನಲ್ಲಿ. ಅತಿಥಿ ಉಪನ್ಯಾಸಕರದೂ ಇದೇ ಕಥೆ. ಆದೇಶ ಮಾಡುವಾಗ ಕಾಯಂ ನೌಕರರಿಗೆ ಮಾತ್ರ ಎಂದು ಬರೆದು ಅವರನ್ನು ಹೊರಗಿಡಬೇಡಿ.

ಆದ್ದರಿಂದ ಮತ್ತೆ ಕೇಳುತ್ತೇನೆ. ಪರೀಕ್ಷೆ, ಪ್ರವೇಶ, ವಿದ್ಯಾರ್ಥಿವೇತನ ವಿಭಾಗಗಳಲ್ಲಿ ಮನೆಯಿಂದ ಕೆಲಸ ಮಾಡುವ ಪ್ರತಿಯೊಬ್ಬರಿಗೂ ವಿಶ್ವವಿದ್ಯಾಲಯದ ಲ್ಯಾಪ್‌ಟಾಪ್ ಕೊಡಿಸಿ, ಕನ್ನಡ ಯುನಿಕೋಡ್ ಹಾಕಿಸಿಯೇ ಕೊಡಿಸಿ. ವಿಶ್ವವಿದ್ಯಾಲಯದ ಸಿಮ್ ಕೊಡಿಸಿ, ಅದರ ಡೇಟಾ ಖರ್ಚನ್ನು ಕಚೇರಿಯೇ ಕಟ್ಟಲಿ. ವಿದ್ಯಾರ್ಥಿಗಳ ಕಡತ ವಾಟ್ಸಾಪ್‌ನಲ್ಲಿ ಓಡಾಡುವುದನ್ನು ನಿಲ್ಲಿಸಿ, ಕಚೇರಿಯ ಸರ್ವರಿಗೆ ಮನೆಯಿಂದ ವಿಪಿಎನ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಹೋಗುವ ದಾರಿ ಮಾಡಿಸಿ. ಇದಿಷ್ಟೂ ಆಗುವವರೆಗೆ, ಸ್ವಂತ ಸಾಧನ ಬಳಸಿದ್ದಕ್ಕಾಗಿ ಯಾವ ಸಿಬ್ಬಂದಿಗೂ ನೋಟಿಸ್ ಕೊಡಕೂಡದು ಎಂದು ಲಿಖಿತ ಆದೇಶ ಹೊರಡಿಸಿ. ಲ್ಯಾಪ್‌ಟಾಪ್ ಕೊಡಿ, ಇಲ್ಲವೇ ಮನೆಯಿಂದ ಕೆಲಸ ಮಾಡಿಸಬೇಡಿ. ಎರಡರಲ್ಲಿ ಒಂದನ್ನು ಬರಹದಲ್ಲಿ ಹೇಳಿ.

ಮುಂದಿನ ಘಟಿಕೋತ್ಸವದ ಹೆಸರುಗಳ ಪಟ್ಟಿ ಸದ್ಯದಲ್ಲಿಯೇ ಸಿದ್ಧವಾಗುತ್ತದೆ. ಅದು ಮತ್ತೆ ಶನಿವಾರ ಸಂಜೆ ನನ್ನ ಮೊಬೈಲಿಗೆ ಬಂದರೆ ಯಾವ ಯಂತ್ರದಲ್ಲಿ ತೆರೆಯಬೇಕು ಎಂಬುದನ್ನು ಅದಕ್ಕೆ ಮೊದಲೇ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಪರೀಕ್ಷಾ ವಿಭಾಗದ ಒಬ್ಬ ಪ್ರಥಮ ದರ್ಜೆ ಸಹಾಯಕಿ