ಲಕೋಟೆ ಬಿಚ್ಚಿದ ಅಕ್ಕನಿಗೆ, ಮತ್ತೆ ನಿಮಗೆಲ್ಲ

ಕಳೆದ ಗುರುವಾರ ಕೋರ್ಟಿನಿಂದ ರಾಜಿ ಆದೇಶದ ಪ್ರತಿ ಬಂತು. ನಾವು ಲೀಸಿಗೆ ಪಡೆದು ನಡೆಸುತ್ತಿದ್ದ ಪಬ್ಬಿನ ಮಾಲೀಕರು ನನ್ನ ಮೇಲೆ ಹಾಕಿದ್ದ 23,220 ಪೌಂಡಿನ ದಾವೆ ಅಲ್ಲಿಗೆ ಮುಗಿಯಿತು. ನಾವು ನಿಜವಾಗಿ ಕೊಡಬೇಕಿದ್ದ 3,270 ಪೌಂಡನ್ನು ನಮ್ಮ 6,000 ಪೌಂಡಿನ ಡೆಪಾಸಿಟ್‌ನಲ್ಲಿ ಮುರಿದುಕೊಂಡು, ಉಳಿದ 2,730 ಪೌಂಡನ್ನು ಈ ಸೋಮವಾರ ಖಾತೆಗೆ ಹಾಕಿದ್ದಾರೆ. ಬ್ಯಾಂಕಿನ ಆ್ಯಪ್ ತೆರೆದು ಮೂರು ಸಲ ನೋಡಿದೆ. ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ.

ಪಬ್ ಯಾಕೆ ಬಿಟ್ಟೆವು, ಕೊನೆಯ ಚಳಿಗಾಲದ ಕರೆಂಟ್ ಬಿಲ್ ಎಷ್ಟು ಬಂದಿತ್ತು, ಇದೆಲ್ಲ ನಿಮಗೆ ಗೊತ್ತಿರುವುದೇ. ನಿಮ್ಮಲ್ಲಿ ಅರ್ಧ ಜನ ಆ ಬಾರಿನ ಮುಂದೆ ಕೂತೇ ಕೇಳಿದವರು. ಬಿಟ್ಟ ಮೇಲೆ ಏನಾಯಿತು ಎಂಬುದು ಮಾತ್ರ ಹೆಚ್ಚಿನವರಿಗೆ ಪೂರ್ತಿ ಗೊತ್ತಿಲ್ಲ. ನಾನೇ ಮುಚ್ಚಿಟ್ಟಿದ್ದೆ.

ನಾವು ಹೊರಟದ್ದು ಕ್ರಮವಾಗಿಯೇ. ಲೀಸಿನಲ್ಲಿ ಮೂರನೇ ವರ್ಷಕ್ಕೆ ಬ್ರೇಕ್ ಕ್ಲಾಸ್, ಅಂದರೆ ಅವಧಿಗೆ ಮೊದಲೇ ಬಿಟ್ಟು ಹೊರಡಬಹುದು ಎಂಬ ಷರತ್ತು, ಇತ್ತು. ಆರು ತಿಂಗಳು ಮೊದಲೇ ಬರಹದಲ್ಲಿ ನೋಟಿಸ್ ಕೊಟ್ಟು ಜೂನ್ 23ರಂದು ಕೀಲಿ ಒಪ್ಪಿಸಿದೆವು. ಇಂಗ್ಲೆಂಡಿನಲ್ಲಿ ಹಳೆಯ ಪದ್ಧತಿಯ ಲೀಸಿಗೆ ಬಾಡಿಗೆ ಕಟ್ಟುವ ದಿನ ವರ್ಷಕ್ಕೆ ನಾಲ್ಕು: ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25. ಮೂರು ತಿಂಗಳದ್ದು ಒಟ್ಟಿಗೆ, ಅದೂ ಮುಂಗಡ. ಒಂದು ದಿನ ಆಚೆಗೆ ಹೋದರೆ ಇನ್ನೊಂದು ಕಂತು ತಲೆಯ ಮೇಲೆ. ಮಾಲೀಕರು ಹಿಡಿದದ್ದೂ ಅದನ್ನೇ. ನೆಲಮಾಳಿಗೆಯ ಸೆಲ್ಲರಿನಲ್ಲಿ ಒಂದು ಚೆಸ್ಟ್ ಫ್ರೀಜರ್ ಬಿಟ್ಟು ಹೋಗಿದ್ದೀರಿ, ಜಾಗ ಪೂರ್ತಿ ಖಾಲಿ ಮಾಡಿಕೊಟ್ಟಿಲ್ಲ, ಆದ್ದರಿಂದ ಲೀಸ್ ಮುಗಿದೇ ಇಲ್ಲ ಎಂದರು. ದಾವೆಯ ಲೆಕ್ಕ ಹೀಗಿತ್ತು: ಎರಡು ಕಂತಿನ ಬಾಡಿಗೆ 12,000, ರಿಪೇರಿಗೆ 9,350, ಬಿಯರ್ ಖಾತೆಯ ಬಾಕಿ 1,870. 'ಫ್ರೀಜರ್ ಇರಲಿ ಬಿಡಿ, ಮುಂದೆ ಬರುವವರಿಗೆ ಬೇಕಾಗುತ್ತದೆ' ಎಂದವರು ಅವರ ಮ್ಯಾನೇಜರೇ. ಆದರೆ ಅದು ಬಾಯಿಮಾತು.

ಕಾಗದಗಳು ಬರತೊಡಗಿದವು. ಮೊದಲ ಎರಡನ್ನು ಓದಿದೆ. ಮೂರನೆಯದನ್ನು ಬಿಚ್ಚಲು ಕೈ ಬರಲಿಲ್ಲ. ಅಡುಗೆಮನೆಯ ಕೆಳಗಿನ ಡ್ರಾಯರಿನಲ್ಲಿ, ಹಳೆಯ ಟವೆಲುಗಳ ಅಡಿಗೆ ತುರುಕಿದೆ. ಆಮೇಲೆ ಬಂದದ್ದೆಲ್ಲ ಅಲ್ಲಿಗೇ ಹೋಯಿತು. ಹೆಂಡತಿ ಆಗ ಕೇರ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು. ಬೆಳಿಗ್ಗೆ ಬಂದು ಮಲಗುತ್ತಿದ್ದಳು, ಪೋಸ್ಟ್ ಬರುವ ಹೊತ್ತಿಗೆ ನಿದ್ದೆಯಲ್ಲಿರುತ್ತಿದ್ದಳು. ಅವಳ ನಿದ್ದೆಯನ್ನು ನಾನು ಹಾಗೆ ಬಳಸಿಕೊಂಡೆ. ಇದನ್ನು ಅವಳಿಗೆ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಈಗ ಅಕ್ಕನ ವಿಷಯ.

ಹೆಸರು ಹಾಕಬೇಡ ಎಂದಿದ್ದಾರೆ. ನಮ್ಮಿಂದ ಎರಡು ಬೀದಿ ಆಚೆ ಇರುವ ಧಾರವಾಡದ ಅಕ್ಕ ಎಂದರೆ ನಿಮಗೆ ತಿಳಿಯುತ್ತದೆ. ಆಸ್ಪತ್ರೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದು ನಿವೃತ್ತರಾದವರು. ಆ ಭಾನುವಾರ ಸಂಜೆ ಶೇಂಗಾ ಚಟ್ನಿಪುಡಿ ಕೊಡಲು ಬಂದಿದ್ದರು. ಡಬ್ಬಿಗೆ ಹಾಕಲು ಚಮಚ ಹುಡುಕುತ್ತ ಒಂದು ಡ್ರಾಯರ್ ಎಳೆದರು, ಅಲ್ಲಿರಲಿಲ್ಲ. ಇನ್ನೊಂದು ಎಳೆದರು. ಟವೆಲು ಸರಿದು ಲಕೋಟೆಗಳು ಕಂಡವು. ನಾನು ಬಾಗಿಲಲ್ಲೇ ನಿಂತಿದ್ದೆ.

ಇದೇನು ಎಂದು ಕೇಳಲಿಲ್ಲ. "ನಿನ್ನ ಹೇಂತಿ ಎಷ್ಟಕ್ಕ ಬರ್ತಾಳ?" ಎಂದರು.

"ಬೆಳಿಗ್ಗೆ ಏಳೂವರೆಗೆ."

"ಹಂಗಾರ ಅಲ್ಲೀತನಕ ಟೈಮ್ ಐತಿ. ಚಾ ಇಡು."

ಕೋಟು ತೆಗೆದು ಕುರ್ಚಿಗೆ ಹಾಕಿದರು. ಬೆಣ್ಣೆ ಸವರುವ ಚಾಕು ತಗೊಂಡು ನೆಲದ ಮೇಲೆ ಕೂತರು. ಮಂಡಿನೋವಿದೆ ಅವರಿಗೆ, ಆದರೂ ನೆಲದ ಮೇಲೆಯೇ. ಮೇಜು ಸಾಲುವುದಿಲ್ಲ ಎಂದರು. ಒಂದೊಂದೇ ಲಕೋಟೆಯ ಅಂಚು ಸೀಳಿ, ಕಾಗದವನ್ನು ಅಂಗೈಯಿಂದ ಒತ್ತಿ ನೇರ ಮಾಡಿ, ಲಕೋಟೆಯ ಮೇಲೆ ಪೆನ್ಸಿಲ್ಲಿನಲ್ಲಿ ನಾಲ್ಕು ಸಾಲು ಬರೆದರು: ಯಾವ ದಿನದ್ದು, ಯಾರದ್ದು, ಏನು ಕೇಳಿದ್ದಾರೆ, ಯಾವಾಗಿನ ಒಳಗೆ ಉತ್ತರ. ತಾರೀಖಿನ ಪ್ರಕಾರ ಬಾಗಿಲಿಂದ ಫ್ರಿಜ್ಜಿನವರೆಗೆ ಸಾಲಾಗಿ ಇಟ್ಟರು. ಒಟ್ಟು ಹದಿನೇಳು. ನನ್ನ ಕೆಲಸ ಮುಂದಿನದನ್ನು ಕೈಗೆ ಕೊಡುವುದಷ್ಟೇ. ಅದಕ್ಕೂ ನನ್ನ ಕೈ ನಡುಗುತ್ತಿತ್ತು. "ಕಾಗದ ಕಚ್ಚೂದಿಲ್ಲ ತಮ್ಮಾ, ಇತ್ತ ಕೊಡು."

ಹನ್ನೊಂದನೆಯದು ಕೋರ್ಟಿನ ಕ್ಲೇಮ್ ಫಾರ್ಮ್. ಉತ್ತರ ಕೊಡಲು 14 ದಿನ. ಕ್ಲೇಮ್ ಬಂದಿದೆ ಎಂದು ಸ್ವೀಕೃತಿ ಕೊಟ್ಟರೆ ಒಟ್ಟು 28 ದಿನ. ಏನೂ ಮಾಡದಿದ್ದರೆ ಎದುರು ಪಕ್ಷ ಕೇಳಿದಷ್ಟಕ್ಕೂ ತೀರ್ಪು ಬೀಳುತ್ತದೆ. ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಆ ತೀರ್ಪು (ಇಲ್ಲಿ ಸಿಸಿಜೆ ಎನ್ನುತ್ತಾರೆ) ಆರು ವರ್ಷ ಹೆಸರಿಗೆ ಅಂಟಿಕೊಳ್ಳುತ್ತದೆ. ಬಾಡಿಗೆಗೆ ಮನೆ ಸಿಗುವುದೂ ಕಷ್ಟ. ಅಕ್ಕ ಬೆರಳಲ್ಲಿ ಎಣಿಸಿದರು. ನಮಗೆ ಉಳಿದಿದ್ದದ್ದು ಎರಡು ದಿನ. ಫಾರ್ಮಿನ ಮೇಲಿದ್ದ ಪಾಸ್‌ವರ್ಡ್ ಹಾಕಿ, ರಾತ್ರಿ ಹನ್ನೆರಡೂ ನಲವತ್ತಕ್ಕೆ, ಪೂರ್ತಿ ಮೊತ್ತವನ್ನೂ ಪ್ರಶ್ನಿಸುತ್ತೇನೆ ಎಂದು ಸ್ವೀಕೃತಿ ಕಳಿಸಿದೆ. ಒತ್ತಿದ್ದು ನಾನು, ಪಕ್ಕದಲ್ಲಿ ಕನ್ನಡಕ ಹಣೆಗೇರಿಸಿ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದ್ದು ಅವರು.

ಅಷ್ಟಾದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಎರಡು ಗಂಟೆಯ ಹೊತ್ತಿಗೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಲೀಸಿಗೆ ಸಹಿ ಹಾಕಿದ್ದು ನಾನೊಬ್ಬನೇ. "ನಾನು ಇಲ್ಲದೇ ಹೋದರೆ ಈ ಸಾಲ ಅವಳಿಗೆ ಬರುತ್ತಾ ಅಕ್ಕಾ?" ಎಂದು ಕೇಳಿದೆ. ಸುಮ್ಮನೆ ಕೇಳಿದ್ದಲ್ಲ. ಮೂರು ವಾರದಿಂದ ಆ ಲೆಕ್ಕವನ್ನು ತಲೆಯಲ್ಲಿ ಹಾಕುತ್ತಲೇ ಇದ್ದೆ. ಯಾರ ಮುಂದೆಯೂ ಹೇಳಿರಲಿಲ್ಲ.

ಅವರು ಎದ್ದು ಬಂದು ಒಂದು ಮೆಟ್ಟಿಲು ಕೆಳಗೆ ಕೂತರು. ಬಹಳ ಹೊತ್ತು ಮಾತಿಲ್ಲ. ನನ್ನ ಪಾದದ ಮೇಲೆ ಕೈಯಿಟ್ಟುಕೊಂಡಿದ್ದರು, ಚಿಕ್ಕ ಹುಡುಗನ ಕಾಲು ಹಿಡಿದ ಹಾಗೆ. ಆಮೇಲೆ, "ಈ ಲೆಕ್ಕಾ ನಾ ಮಾಡೂದಿಲ್ಲ. ನಿನಗೂ ಮಾಡಾಕ ಬಿಡೂದಿಲ್ಲ. ಏಳು, ಇನ್ನೂ ಆರು ಲಕೋಟಿ ಅದಾವು" ಎಂದರು.

ಎದ್ದೆ. ಹೇಗೆ ಎದ್ದೆ ಎಂದು ಇಂದಿಗೂ ಗೊತ್ತಿಲ್ಲ.

ಹದಿನೈದನೆಯ ಲಕೋಟೆಯಲ್ಲಿತ್ತು ಅದು. ಮಾಲೀಕರ ಆಫೀಸೇ ಬರೆದದ್ದು, ಕ್ಲೇಮಿಗೂ ಬಹಳ ಮುಂಚೆ. ಮೀಟರ್ ರೀಡಿಂಗ್, ಸೆಲ್ಲರಿನ ದಾಸ್ತಾನು, ಕೊನೆಯಲ್ಲಿ ಒಂದು ಸಾಲು: ಜೂನ್ 23ರಂದು ಕೀಲಿ ಪಡೆದು ಜಾಗವನ್ನು ವಶಕ್ಕೆ ತೆಗೆದುಕೊಂಡಿದ್ದೇವೆ, ಲೀಸ್ ಅಂದಿಗೆ ಮುಗಿದಿದೆ. ಅಕ್ಕ ಅದನ್ನು ಎರಡು ಸಲ ಓದಿದರು. ತಾರೀಖಿನ ಕೆಳಗೆ ಪೆನ್ಸಿಲ್ಲಿನಿಂದ ತೆಳುವಾಗಿ ಗೆರೆ ಎಳೆದು, ಅದೊಂದನ್ನು ಮಾತ್ರ ಸಾಲಿನಲ್ಲಿಡದೆ ತಮ್ಮ ಬ್ಯಾಗಿನಲ್ಲಿ ಇಟ್ಟುಕೊಂಡರು. ನಾಲ್ಕು ತಿಂಗಳು ನಾನು ಹೆದರಿ ಟವೆಲಿನಡಿ ಮುಚ್ಚಿಟ್ಟಿದ್ದರಲ್ಲಿ ಆ ಕಾಗದವೂ ಇತ್ತು.

ಏಳೂವರೆಗೆ ಹೆಂಡತಿ ಬಂದಳು. ನೆಲದ ತುಂಬ ಕಾಗದ. ಅಕ್ಕ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. "ಅವನ ಹೇಳ್ತಾನ" ಎಂದು ಹಿತ್ತಲಿಗೆ ಹೋಗಿ ನಿಂತರು. ಹೇಳಿದೆ. ಎಂಟು ಗಂಟೆಗೆ ನಮ್ಮ ಡಾಕ್ಟರ ಕ್ಲಿನಿಕ್ಕಾದ ಜಿಪಿ ಸರ್ಜರಿಯ ಫೋನ್ ತೆರೆಯುತ್ತಿದ್ದಂತೆ ನನ್ನ ಕೈಯಿಂದಲೇ ಕರೆ ಮಾಡಿಸಿದರು, ಮೆಟ್ಟಿಲ ಮೇಲೆ ಹೇಳಿದ ಮಾತನ್ನು ಡಾಕ್ಟರಿಗೂ ಹೇಳಿಸಿದರು. ಆಮೇಲೆಯೇ ಮನೆಗೆ ಹೋದದ್ದು. ಅಕ್ಕಾ, ನಾನು ಇದನ್ನು ಬರೆಯಲು ಉಳಿದಿದ್ದೇನೆ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುತ್ತಿಲ್ಲ.

ಮುಂದಿನ ತಿಂಗಳುಗಳು ಉದ್ದವಿದ್ದವು, ಆದರೆ ಆ ರಾತ್ರಿಯಷ್ಟಲ್ಲ. ಬಿಸಿನೆಸ್ ಡೆಟ್‌ಲೈನ್ ಎಂಬ ಸಹಾಯವಾಣಿ ಇದೆ, ಸಣ್ಣ ವ್ಯಾಪಾರ ಮಾಡುವವರಿಗೆ ಉಚಿತವಾಗಿ ಸಲಹೆ ಕೊಡುತ್ತದೆ. ಅಲ್ಲಿ ಮಾತಾಡಿದ ಹೆಂಗಸು ಸುಳ್ಳು ಭರವಸೆ ಕೊಡಲಿಲ್ಲ. ಪಬ್ ಬಾಡಿಗೆದಾರರನ್ನು ಕಾಪಾಡುವ 2016ರ ಪಬ್ಸ್ ಕೋಡ್ ನಮಗೆ ಆಗಿಬರುವುದಿಲ್ಲ, ಅದು 500 ಅಥವಾ ಹೆಚ್ಚು ಟೈಡ್ ಪಬ್ (ಮಾಲೀಕರಿಂದಲೇ ಬಿಯರ್ ಕೊಳ್ಳಬೇಕಾದ ಪಬ್) ಇರುವ ಕಂಪನಿಗಳಿಗೆ ಮಾತ್ರ, ನಿಮ್ಮ ಮಾಲೀಕರು ಅಷ್ಟು ದೊಡ್ಡವರಲ್ಲ ಎಂದು ಮೊದಲೇ ಹೇಳಿಬಿಟ್ಟರು. ಇಲ್ಲದ ಬಾಗಿಲು ತಟ್ಟುತ್ತ ಇನ್ನೊಂದು ತಿಂಗಳು ಕಳೆಯುವುದು ತಪ್ಪಿತು. ಕೊಡಬೇಕಾದದ್ದನ್ನು ಒಪ್ಪಿಕೊಳ್ಳಿ, ಇಲ್ಲದ್ದನ್ನು ಒಂದೊಂದಾಗಿ ಪ್ರಶ್ನಿಸಿ ಎಂದೂ ಹೇಳಿದರು. ಬಿಯರ್ ಬಾಕಿ ನಮ್ಮದೇ. ಕೊನೆಯ ಎರಡು ಡೆಲಿವರಿ ನಾವು ಮಾರಿದ್ದೆವು, ದುಡ್ಡು ಕಟ್ಟಿರಲಿಲ್ಲ. ಆ ರಾತ್ರಿ ಪೂರ್ತಿ ಮೊತ್ತವನ್ನು ಪ್ರಶ್ನಿಸಿದ್ದರೂ, ಉತ್ತರ ಬರೆಯುವಾಗ ಅದನ್ನು ಮೊದಲೇ ಒಪ್ಪಿಕೊಂಡೆವು.

ಕೌನ್ಸಿಲಿನ ಲೈಸೆನ್ಸ್ ರಿಜಿಸ್ಟರನ್ನು ಯಾರು ಬೇಕಾದರೂ ನೋಡಬಹುದು ಎಂದು ಹೇಳಿಕೊಟ್ಟವರು ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನಲ್ಲಿ ಪಬ್ ನಡೆಸುವ ಪಂಜಾಬಿ ಅಂಕಲ್. ಪಬ್ಬುಗಳಲ್ಲಿ ಬಣ್ಣ ನೋಡಿ ಬೇರೆ ಕೂರಿಸುತ್ತಿದ್ದ ಕಾಲದಲ್ಲಿ, 1965ರ ಫೆಬ್ರವರಿಯಲ್ಲಿ, ಅಮೆರಿಕದ ಕಪ್ಪು ಜನರ ಹೋರಾಟಗಾರ ಮಾಲ್ಕಮ್ ಎಕ್ಸ್ ಬಂದು ಕಣ್ಣಾರೆ ನೋಡಿ ಹೋದ ಊರು ಅದು. ಅಂಕಲ್ಲಿನ ತಂದೆ ಫೌಂಡ್ರಿಯಲ್ಲಿ ಪಾಳಿ ಮುಗಿಸಿ ಬಂದರೆ ಮುಂದಿನ ಕೋಣೆಗೆ ಬಿಡುತ್ತಿರಲಿಲ್ಲವಂತೆ. 'ಆ ಬಾಗಿಲ ಕೀಲಿ ಈಗ ನನ್ನ ಕೈಯಲ್ಲಿದೆ, ಅದಕ್ಕೇ ಕೀಲಿ ಯಾವತ್ತು ಯಾರ ಕೈಗೆ ಹೋಯಿತು ಅನ್ನುವುದನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ' ಎಂದರು. ರಿಜಿಸ್ಟರ್ ತೆಗೆಸಿ ನೋಡಿದರೆ, ಜುಲೈ ಮೊದಲ ವಾರದಲ್ಲೇ ಮದ್ಯ ಮಾರಾಟಕ್ಕೆ ಹೊಣೆಯಾದ ಸೂಪರ್‌ವೈಸರ್ ಎಂದಿದ್ದ ನನ್ನ ಹೆಸರು ಹೋಗಿ ಹೊಸಬರ ಹೆಸರು ಬಂದಿತ್ತು. ಲೀಸ್ ಮುಗಿದೇ ಇಲ್ಲ ಎನ್ನುವವರು ಬೇರೆಯವರನ್ನು ಒಳಗೆ ಕೂರಿಸಿದ್ದು ಹೇಗೆ? ಬಾಡಿಗೆಯ 12,000ದ ಬೇಡಿಕೆ ಅಲ್ಲಿಗೆ ಬಿದ್ದುಹೋಯಿತು.

ರಿಪೇರಿಯದು ಅಷ್ಟು ಸುಲಭವಿರಲಿಲ್ಲ. ಇದನ್ನು ಇನ್ನೊಬ್ಬರಿಗೆ ಉಪಯೋಗವಾಗಲಿ ಎಂದೇ ಬರೆಯುತ್ತಿದ್ದೇನೆ. ಇಲ್ಲಿ ಅದಕ್ಕೆ ಡೈಲಾಪಿಡೇಷನ್ಸ್ ಎನ್ನುತ್ತಾರೆ. ಪಟ್ಟಿ ಕಳಿಸಿದ ಮಾತ್ರಕ್ಕೆ ಅದರಲ್ಲಿರುವ ಮೊತ್ತವೆಲ್ಲ ಸಾಲವಾಗುವುದಿಲ್ಲ. 1927ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ರಿಪೇರಿ ಮಾಡದೆ ಬಿಟ್ಟದ್ದರಿಂದ ಕಟ್ಟಡದ ಬೆಲೆ ಎಷ್ಟು ಇಳಿಯಿತೋ ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಒಡೆದು ಬದಲಾಯಿಸುವುದರಿಂದ ಆ ರಿಪೇರಿಗೇ ಅರ್ಥವಿಲ್ಲದಂತಾದರೆ ಅದಕ್ಕೆ ಕೇಳುವಂತೆಯೇ ಇಲ್ಲ. ನಮ್ಮಿಂದ ಪ್ಲಾಸ್ಟರು, ಕಾರ್ಪೆಟ್ಟು ಅಂತ ಕೇಳಿದ್ದ ಹಿಂದಿನ ಕೋಣೆಯನ್ನು ಹೊಸಬರು ಗೋಡೆ ಸಮೇತ ಕೆಡವಿ ಅಡುಗೆಮನೆ ಮಾಡಿಕೊಂಡಿದ್ದರು. ಕಿಟಕಿಯ ಕೆಳಗಿನ ಒದ್ದೆ ಕಲೆ ನಾವು ಕಾಲಿಟ್ಟ ದಿನವೇ ಇತ್ತು, ಲೀಸಿಗೆ ಲಗತ್ತಿಸಿದ 62 ಫೋಟೋಗಳಲ್ಲಿ ಒಂಬತ್ತನೆಯದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಂಗಳದ ಬಾಗಿಲು, ಹೊಗೆಗೂಡಿನ ಸ್ವಚ್ಛತೆ ನಮ್ಮ ಪಾಲಿನವು. ಅದಕ್ಕೆ 1,400 ಎಂದು ಒಪ್ಪಿದೆವು.

ಆ ಫೋಟೋ ತೆಗೆಯಲೇಬೇಕು ಎಂದು ಹಟ ಹಿಡಿದ ಗೆಳೆಯನಿಗೆ, ಒಂದೇ ಗಂಟೆಯ ಫೀಸು ತಗೊಂಡು ನಮ್ಮ ಉತ್ತರವನ್ನು ಮೂರು ಸಲ ತಿದ್ದಿಕೊಟ್ಟ ಸಾಲಿಸಿಟರಿಗೆ, ಫ್ರೀಜರಿನ ಮಾತು ತಾವೂ ಕೇಳಿದ್ದೇವೆ ಎಂದು ಸಹಿ ಹಾಕಿಕೊಟ್ಟ ಮಂಗಳವಾರದ ಕ್ವಿಜ್ ಗುಂಪಿನವರಿಗೆ, ವ್ಯಾನ್ ಓಡಿಸಿದವರಿಗೆ, ಕೇಳದೆಯೇ ಊಟದ ಡಬ್ಬಿ ಬಾಗಿಲಲ್ಲಿಟ್ಟು ಹೋದ ಕನ್ನಡದ ಮನೆಗಳವರಿಗೆಲ್ಲ ನಾವು ಋಣಿಗಳು.

ಬಂದ ದುಡ್ಡಿನಲ್ಲಿ ಮೊದಲ 640 ಪೌಂಡು ನಮ್ಮದಲ್ಲ. ಸೆಲ್ಲರ್ ನೋಡಿಕೊಳ್ಳುತ್ತಿದ್ದ ಹುಡುಗ ಕೊನೆಯ ದಿನಗಳ ಸಂಬಳವನ್ನು 'ಆದಾಗ ಕೊಡಿ' ಎಂದು ಬಿಟ್ಟು ಹೋಗಿದ್ದ, ಆಮೇಲೆ ಒಂದು ಸಲವೂ ಕೇಳಲಿಲ್ಲ. ಶನಿವಾರ ನಾನು, ಹೆಂಡತಿ ಅವನ ಮನೆಗೆ ಹೋಗುತ್ತಿದ್ದೇವೆ. ಅಕ್ಕನೂ ಬರುತ್ತಾರಂತೆ. ರಸೀದಿ ಪುಸ್ತಕ ತರುತ್ತೇನೆ, ದುಡ್ಡು ಕೊಟ್ಟ ತಾರೀಖು ಬರೆಸಿಕೊಳ್ಳಬೇಕು ಎಂದಿದ್ದಾರೆ.