‘ಇತಿಹಾಸದಲ್ಲಿ ಈ ದಿನ’ಕ್ಕೆ ನಮ್ಮ ಕಡೆಯೋರ್ನೂ ಸೇರಿಸಿ ಸಾರ್

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಒಳಪುಟದಲ್ಲಿ ರಾಶಿಫಲದ ಪಕ್ಕ ದಿನಾ ಬರೋ ‘ಇತಿಹಾಸದಲ್ಲಿ ಈ ದಿನ’ ಕಾಲಂ ಬಗ್ಗೆ ಈ ಪತ್ರ. ನಾಲ್ಕಿಂಚಿನ ಕಾಲಂ, ಇದನ್ನ ಯಾರು ಓದ್ತಾರೆ ಅಂತ ನಿಮ್ಮ ಡೆಸ್ಕಲ್ಲಿ ಅನ್ಕೊಂಡಿರ್ಬೋದು, ಆದ್ರೆ ಓದೋರು ಬೇಕಾದಷ್ಟು ಜನ ಇದಾರೆ. ನಾನು ಹಾಸನದ ಹತ್ರ ಒಂದು ಸರ್ಕಾರಿ ಹೈಸ್ಕೂಲಲ್ಲಿ ಮೇಷ್ಟ್ರು. ನಮ್ಮಲ್ಲಿ ಬೆಳಗ್ಗೆ ಪ್ರಾರ್ಥನೆ ಮುಗಿದ್ಮೇಲೆ ಒಂದು ಮಗು ಹೆಡ್‌ಲೈನ್ ಓದುತ್ತೆ, ಇನ್ನೊಂದು ಮಗು ದಿನದ ವಿಶೇಷ ಓದುತ್ತೆ, ಆ ದಿನದ ವಿಶೇಷ ಅನ್ನೋದು ಮುಕ್ಕಾಲು ಪಾಲು ನಿಮ್ಮ ಕಾಲಮ್ಮೇ. ಲೈಬ್ರರೀಲಿ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದ್ಕೊಳೋ ಹುಡುಗ್ರು ಅದನ್ನ ಫೋಟೊ ಹೊಡ್ಕೊಂಡು ವಾಟ್ಸಾಪ್ ಗ್ರೂಪಿಗೆ ಹಾಕೋದನ್ನೂ ನೋಡಿದೀನಿ.

ಡಿಸೆಂಬರ್ 29ಕ್ಕೆ ಒಂಬತ್ತನೇ ಕ್ಲಾಸಿನ ಹುಡುಗ ಓದಿದ್ದು ಇಷ್ಟು. 1170, ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಕೊಲೆ. 1800, ಚಾರ್ಲ್ಸ್ ಗುಡ್‌ಇಯರ್ ಜನನ. 1845, ಟೆಕ್ಸಾಸ್ ಅಮೆರಿಕದ 28ನೇ ರಾಜ್ಯ ಆಯ್ತು. 1942, ನಟ ರಾಜೇಶ್ ಖನ್ನಾ ಜನನ. ಕೊನೇಲಿ 1904, ರಾಷ್ಟ್ರಕವಿ ಕುವೆಂಪು ಜನನ. ಬೆಕೆಟ್ ಅನ್ನೋದನ್ನ ಪಾಪ ಅವನು ಬಕೆಟ್ ಅಂತ ಓದ್ಬಿಟ್ಟ, ಲೈನಲ್ಲಿ ನಿಂತಿದ್ದ ಹೈಕ್ಳೆಲ್ಲ ಬಿದ್ದೂ ಬಿದ್ದೂ ನಕ್ಕು, ಪಿಟಿ ಮೇಷ್ಟ್ರು ವಿಷಲ್ ಊದಿ ಸುಮ್ನಿರಿಸೋ ಹೊತ್ಗೆ ಕುವೆಂಪು ಸಾಲು ಬಂದು ಹೋಗಿದ್ದೇ ಯಾರಿಗೂ ಗೊತ್ತಾಗ್ಲಿಲ್ಲ.

ನಗಾಡಿದ ಮಕ್ಳನ್ನ ನಾನು ಬೈಯಲ್ಲ. ಬೆಕೆಟ್ ಯಾರು, ಎರಡನೇ ಹೆನ್ರಿ ರಾಜನಿಗೆ ಒಂದ್ ಕಾಲಕ್ಕೆ ಜೀವದ ಗೆಳೆಯ ಆಗಿದ್ದೋನು ಆಮೇಲೆ ಚರ್ಚಿನ ಹಕ್ಕಿಗೋಸ್ಕರ ಅದೇ ರಾಜನ ಎದುರು ನಿಂತ, ನಾಕು ಜನ ರಾಜಭಟರು ಬಂದು ಚರ್ಚ್ ಒಳಗೇ ಕಡಿದ್ರು ಅನ್ನೋ ಕಥೆ ಗೊತ್ತಿದ್ರೆ ಯಾರೂ ನಗಲ್ಲ. ಬರೀ ಇಸವಿ ಮತ್ತೆ ಹೆಸ್ರು ಕೊಟ್ರೆ ಬಕೆಟ್ಟೂ ಒಂದೇ ಬೆಕೆಟ್ಟೂ ಒಂದೇ. ಗುಡ್‌ಇಯರ್ ಕಥೇನೂ ಹಂಗೇ. ಮರದಿಂದ ಇಳಿಸಿದ ರಬ್ಬರು ಬಿಸ್ಲಿಗೆ ಅಂಟಂಟಾಗೋದು ಚಳೀಲಿ ಬಿರುಕು ಬಿಡೋದು, ಅದಕ್ಕೆ ಗಂಧಕ ಸೇರ್ಸಿ ಕಾಯಿಸಿದ್ರೆ ಗಟ್ಟಿಯಾಗಿ ನಿಲ್ಲುತ್ತೆ ಅಂತ ಕಂಡುಹಿಡಿದು 1844ರಲ್ಲಿ ಪೇಟೆಂಟ್ ತಗೊಂಡ, ಕೊನೆಗೆ ಸಾಲದಲ್ಲೇ ಸತ್ತ. ಅವನ ಹೆಸ್ರಿನ ಟೈರ್ ಕಂಪನಿ ಶುರುವಾಗಿದ್ದು 1898ರಲ್ಲಿ, ಅವನು ಸತ್ತು ಎಷ್ಟೋ ವರ್ಷದ ಮೇಲೆ, ಅವನ ಮನೆಯೋರಿಗೂ ಅದಕ್ಕೂ ಸಂಬಂಧ ಇಲ್ಲ. ಎನ್.ಆರ್.ಪುರದ ಕಡೆ ರಬ್ಬರ್ ಹಾಕಿರೋರಿಗೆ ಇಷ್ಟು ಹೇಳಿ ನೋಡಿ, ಕಾಫಿ ಪಕ್ಕಕ್ಕಿಟ್ಟು ಕೇಳ್ತಾರೆ. ಹಂಗಾಗಿ ಫಾರಿನ್ ಸುದ್ದಿ ಬೇಡ ಅಂತ ನಾನು ಹೇಳ್ತಿಲ್ಲ, ಟೆಕ್ಸಾಸ್ ಸಾಲು ಮಾತ್ರ ಪ್ರತೀ ವರ್ಷ ಯಾಕೆ ಬರುತ್ತೋ ನನಗಂತೂ ತಿಳೀದು.

ನನ್ನ ತಕರಾರು ಬೇರೆ. ಅದೇ ಡಿಸೆಂಬರ್ 29ರಲ್ಲಿ ನಮ್ಮ ಹಾಸನ ಚಿಕ್ಕಮಗಳೂರು ಎರಡು ಜಿಲ್ಲೆಗೂ ಸೇರಿದ ದೊಡ್ಡ ವಿಷಯ ಇದೆ, ಅದು ನಿಮ್ಮ ಕಾಲಮಲ್ಲಿ ಇಲ್ಲ. ಕುವೆಂಪು ಅಂದ್ರೆ ಎಲ್ರೂ ಕುಪ್ಪಳಿ ಅಂತಾರೆ, ಬೆಳೆದಿದ್ದು ಕುಪ್ಪಳೀಲೆ, ಕವಿಮನೆ ಇರೋದೂ ಅಲ್ಲೇ, ಅದು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲೂಕು, ಸರಿ. ಆದ್ರೆ ಹುಟ್ಟಿದ್ದು ತಾಯಿ ಮನೇಲಿ, ಹಿರೇಕೊಡಿಗೆಯಲ್ಲಿ, ಅದು ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲೂಕು. ಜನ್ಮದಿನದ ಕಾಲಮಲ್ಲಿ ಜನ್ಮಸ್ಥಳದ ಹೆಸ್ರು ಹಾಕಕ್ಕೆ ಎರಡು ಪದ ಸಾಕಲ್ವಾ? 2015ರಿಂದ ಸರ್ಕಾರವೇ ಈ ದಿನಾನ ವಿಶ್ವಮಾನವ ದಿನ ಅಂತ ಆಚರಿಸ್ತಿದೆ, ಅದೂ ಇರ್ಲಿಲ್ಲ.

ಇನ್ನೊಬ್ರು ಪೂರ್ತಿ ಬಿಟ್ಟೇ ಹೋಗಿದಾರೆ. ಸಿ. ಅಶ್ವಥ್. ಚನ್ನರಾಯಪಟ್ಟಣದಲ್ಲಿ ಹುಟ್ಟಿದ್ದು 1939ರ ಡಿಸೆಂಬರ್ 29, ತೀರ್ಕೊಂಡಿದ್ದು 2009ರ ಡಿಸೆಂಬರ್ 29. ಸರಿಯಾಗಿ ಎಪ್ಪತ್ತು ತುಂಬಿದ ದಿನವೇ ಹೋದ್ರು. ಹುಟ್ಟು ಸಾವು ಎರಡೂ ಒಂದೇ ತಾರೀಖಿಗೆ ಬಿದ್ದಿರೋರು ಎಷ್ಟು ಜನ ಸಿಗ್ತಾರೆ, ಇಂಥ ಕಾಲಮ್ಮಿಗೆ ಇದಕ್ಕಿಂತ ಬೇಕಾ? ಬೆಂಗಳೂರಲ್ಲಿ ಐಟಿಐ ಫ್ಯಾಕ್ಟರೀಲಿ 27 ವರ್ಷ ಕೆಲಸ ಮಾಡ್ಕೊಂಡೇ ಶರೀಫರ ಪದಗಳನ್ನ, ನಮ್ಮ ಕವಿಗಳ ಭಾವಗೀತೆಗಳನ್ನ ಮನೆಮನೆ ಟೇಪ್ ರೆಕಾರ್ಡರಿಗೆ ತಂದು ಕೂರಿಸಿದ ಮನುಷ್ಯ. ಆ ದನಿ ಹೊರಟ್ರೆ ಮೈಕ್ ಸೆಟ್ಟಿನೋನು ವಾಲ್ಯೂಮ್ ಇಳಿಸ್ಬೇಕಾಗ್ತಿತ್ತು, ಹಂಗಿತ್ತು.

ಅವರು ಹೋದ ಮಾರನೇ ದಿನ ಬೆಳಗಿನ ಜಾವವೇ ಮೈಸೂರಲ್ಲಿ ವಿಷ್ಣುವರ್ಧನ್ ತೀರ್ಕೊಂಡ್ರು. ಆಮೇಲೆ ಏನಾಯ್ತು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಬೆಂಗಳೂರಿಗೆ ಬೆಂಗಳೂರೇ ಬಂದ್ ಆಯ್ತು, ಟಿವಿ ಹಾಕಿದ್ರೆ ಅದೇ, ಪೇಪರ್ ತೆಗೆದ್ರೆ ಅದೇ. ಆ ದುಃಖ ದೊಡ್ಡದೇ, ನಾನೂ ವಿಷ್ಣು ಅಭಿಮಾನಿನೇ, ಆದ್ರೆ ಆ ಗದ್ದಲದಲ್ಲಿ ಅಶ್ವಥ್ ಸುದ್ದಿ ಒಂದು ದಿನದೊಳಗೆ ಹಿಂದಕ್ಕೆ ಸರೀತು. ಅವತ್ತು ಸರಿದಿದ್ದು ಇವತ್ತಿಗೂ ಮುಂದಕ್ಕೆ ಬಂದಿಲ್ಲ ಅನ್ನೋದೇ ನನ್ನ ಸಂಕಟ. ಡಿಸೆಂಬರ್ 30ರ ಕಾಲಮಲ್ಲಿ ವಿಷ್ಣು ಹೆಸ್ರಿತ್ತು, ಫೋಟೊನೂ ಇತ್ತು, ನೋಡ್ದೆ.

ಈಗ ಕುವೆಂಪು ಅಶ್ವಥ್ ಇಬ್ರನ್ನೂ ಪಕ್ಕಪಕ್ಕ ಇಡಿ. ನಮ್ಮ ಮಕ್ಳು ದಿನಾ ಪ್ರಾರ್ಥನೇಲಿ ಹಾಡೋ ನಾಡಗೀತೆ ಕುವೆಂಪು ಅವರದ್ದು, ನಾಡಗೀತೆ ಅಂತ ಸರ್ಕಾರ ಒಪ್ಕೊಂಡಿದ್ದು 2004ರಲ್ಲಿ. ಅದಕ್ಕೆ ಯಾವ ಧಾಟಿ ಅಂತ ವರ್ಷಗಟ್ಲೆ ಜಗ್ಗಾಟ ನಡೀತು, ಒಂದು ಕಡೆ ಮೈಸೂರು ಅನಂತಸ್ವಾಮಿ ಧಾಟಿ ಇನ್ನೊಂದು ಕಡೆ ಇದೇ ಅಶ್ವಥ್ ಧಾಟಿ, ಕಮಿಟಿ ಆಯ್ತು ಕೋರ್ಟೂ ಆಯ್ತು. 2022ರಲ್ಲಿ ಸರ್ಕಾರ ಅನಂತಸ್ವಾಮಿ ಧಾಟೀಲಿ 2 ನಿಮಿಷ 30 ಸೆಕೆಂಡಲ್ಲಿ ಹಾಡಿ ಮುಗಿಸ್ಬೇಕು ಅಂತ ಆರ್ಡರ್ ಮಾಡ್ತು. ಯಾವುದು ಚೆಂದ ಅಂತ ನನ್ನ ಕೇಳ್ಬೇಡಿ, ಸ್ಟಾಫ್ ರೂಮಲ್ಲೇ ಇನ್ನೂ ಇತ್ಯರ್ಥ ಆಗಿಲ್ಲ. ಆದ್ರೆ ಬರೆದೋರು, ಧಾಟಿ ಕಟ್ಟಿದೋರು ಇಬ್ರೂ ಒಂದೇ ತಾರೀಖಲ್ಲಿ, ಒಬ್ರು ಕೊಪ್ಪದಲ್ಲಿ ಒಬ್ರು ಚನ್ನರಾಯಪಟ್ಟಣದಲ್ಲಿ ಹುಟ್ಟಿದೋರು ಅಂದಾಗ ನಮ್ಮ ಕ್ಲಾಸಿನ ಹೈಕ್ಳು ಕಣ್ಣರಳಿಸಿದ್ರು. ಅವತ್ತು ಯಾರೂ ನಗ್ಲಿಲ್ಲ.

ಅದೇ ದಿನ ರಮಾನಂದ ಸಾಗರ್ ಕೂಡ ಹುಟ್ಟಿದ್ದು, 1917ರಲ್ಲಿ. ರಾಮಾಯಣವನ್ನ ದೇಶಕ್ಕೆಲ್ಲ ಟಿವೀಲಿ ತೋರ್ಸಿದೋರು ಅವರು, ರಾಮಾಯಣ ದರ್ಶನಂ ಬರೆದು ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದೋರು ಇವರು. ರಾಜೇಶ್ ಖನ್ನಾ ಹೆಸ್ರು ಸಿಕ್ಕಿದ ಜಾಗದಲ್ಲಿ ಇದೂ ಸಿಕ್ತಿತ್ತು, ಹುಡುಕೋ ಮನಸ್ಸು ಇರ್ಬೇಕು ಅಷ್ಟೆ.

ಒಂದು ದಿನದ್ದು ಹಿಡ್ಕೊಂಡು ಜಗಳ ತೆಗೀತಾನೆ ಅನ್ಬೇಡಿ. ಜುಲೈ 4 ತಗೊಳಿ. ಪ್ರತೀ ವರ್ಷ ಅಮೆರಿಕ ಸ್ವಾತಂತ್ರ್ಯ ದಿನ ಅಂತ ಬರುತ್ತೆ, ಜಾಗ ಇದ್ರೆ ಜೆಫರ್ಸನ್ನು ಆಡಮ್ಸು ಇಬ್ರೂ 1826ರಲ್ಲಿ ಅದೇ ದಿನ, ಸ್ವಾತಂತ್ರ್ಯ ಘೋಷಣೆಗೆ ಐವತ್ತು ತುಂಬಿದ ದಿನವೇ ಸತ್ರು ಅನ್ನೋದೂ ಬರುತ್ತೆ, ಅದು ನಿಜಕ್ಕೂ ಸೋಜಿಗದ ವಿಷಯ. ಆದ್ರೆ 1904ರ ಜುಲೈ 4ಕ್ಕೆ ನಮ್ಮ ಹಾಸನ ಜಿಲ್ಲೆ ಗೊರೂರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಹುಟ್ಟಿದ್ರು. ಹೇಮಾವತಿ ದಡದ ಹಳ್ಳಿ ಜನರ ಬಗ್ಗೆ ಬರೆದು ನಾಡನ್ನೇ ನಗಿಸಿದೋರು, ವಯಸ್ಸಾದ್ಮೇಲೆ ಅಮೆರಿಕಕ್ಕೆ ಹೋಗಿ ಬಂದು ‘ಅಮೆರಿಕದಲ್ಲಿ ಗೊರೂರು’ ಬರೆದ್ರು, 1980ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಅದಕ್ಕೇ. ಅಮೆರಿಕದ ಹುಟ್ಟುಹಬ್ಬದ ದಿನವೇ ಹುಟ್ಟಿದ ನಮ್ಮ ಗೊರೂರಿನೋರು ಅಮೆರಿಕದ ಮೇಲೆ ಬರೆದು ಪ್ರಶಸ್ತಿ ತಗೊಂಡ್ರು ಅನ್ನೋದನ್ನ ಬಿಟ್ಟು ಬರೀ ಅಮೆರಿಕ ಹಾಕಿದ್ರೆ ಹೆಂಗೆ ಸಾರ್. ಊಟಕ್ಕೆ ಕೂರ್ಸಿ ಪಕ್ಕದ ಮನೆಯೋರಿಗೆ ಮುದ್ದೆ ಬಡಿಸಿ ಮನೆಯೋರಿಗೆ ಬರೀ ಎಲೆ ಹಾಕ್ದಂಗೆ.

ಸೆಪ್ಟೆಂಬರ್ 18ಕ್ಕೆ ವಿಷ್ಣುವರ್ಧನ್ ಹುಟ್ಟಿದ್ದು 1950 ಅಂತ ಬರುತ್ತೆ, ಉಪೇಂದ್ರ ಹೆಸ್ರೂ ಬರುತ್ತೆ. ಶಬಾನಾ ಅಜ್ಮಿ ಹುಟ್ಟಿದ್ದೂ ಅದೇ ವರ್ಷ ಅದೇ ದಿನ. ಸರಿ, 2023ರಲ್ಲಿ ಅದೇ ಸೆಪ್ಟೆಂಬರ್ 18ಕ್ಕೆ, ನಮ್ಮಲ್ಲಿ ಗಣಪತಿ ಕೂರಿಸೋ ದಿನ, ದೂರದ ರಿಯಾದಲ್ಲಿ ನಡೆದ ಯುನೆಸ್ಕೊ ಸಭೇಲಿ ಬೇಲೂರು ಹಳೇಬೀಡು ಸೋಮನಾಥಪುರ ಮೂರನ್ನೂ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ರು. ಬೇಲೂರು ದೇವಸ್ಥಾನ ಕಟ್ಟಿಸಿದ್ದು ಹೊಯ್ಸಳ ದೊರೆ ವಿಷ್ಣುವರ್ಧನ, 1117ರಲ್ಲಿ. ಸಂಪತ್ ಕುಮಾರ್ ಅನ್ನೋ ಮೈಸೂರು ಹುಡುಗನಿಗೆ ‘ನಾಗರಹಾವು’ ಟೈಮಲ್ಲಿ ಪುಟ್ಟಣ್ಣ ಕಣಗಾಲ್ ಇಟ್ಟಿದ್ದು ಅದೇ ದೊರೆ ಹೆಸ್ರನ್ನ. ಆ ದೊರೆ ದೇವಸ್ಥಾನಕ್ಕೆ ವಿಶ್ವ ಮನ್ನಣೆ ಸಿಕ್ಕಿದ್ದು ಈ ನಟನ ಹುಟ್ಟುಹಬ್ಬದ ದಿನ. ಇದನ್ನ ಯಾರೂ ಪ್ಲಾನ್ ಮಾಡಿದ್ದಲ್ಲ, ಬರೀ ಕಾಕತಾಳೀಯ, ಅದ್ರಲ್ಲಿ ಏನೋ ಮಹಿಮೆ ಇದೆ ಅಂತ ನಾನು ಹೇಳಲ್ಲ, ಆದ್ರೆ ಒಂದ್ಸಲ ಕೇಳಿದ ಮಗು ಮತ್ತೆ 1117 ಮರೆಯಲ್ಲ. ಇಪ್ಪತ್ತು ಸಲ ಬೋರ್ಡ್ ಮೇಲೆ ಬರೆಸಿದ್ರೂ ನಿಲ್ಲದ ಇಸವಿ ಅದು.

ಇನ್ನು ಜೂನ್ 1. ನಮ್ಮ ಕಡೆ ಒಂದು ವಯಸ್ಸಿನ ಮೇಲ್ಪಟ್ಟೋರ ಆಧಾರ್ ಕಾರ್ಡ್ ತೆಗೆದು ನೋಡಿ, ಅರ್ಧ ಊರು ಹುಟ್ಟಿರೋದು ಅವತ್ತೇ. ಸ್ಕೂಲಿಗೆ ಸೇರ್ಸಕ್ಕೆ ಬಂದ ಅಪ್ಪಂದ್ರಿಗೆ ಮಗ ಹುಟ್ಟಿದ್ದು ಯಾವಾಗ ಅಂದ್ರೆ ‘ರಾಗಿ ಕುಯ್ಲು ಟೈಮು’ ಅನ್ನೋರು, ಮೇಷ್ಟ್ರು ವಯಸ್ಸಿನ ಲೆಕ್ಕಕ್ಕೆ ಹೊಂದಲಿ ಅಂತ ಜೂನ್ 1 ಹಾಕಿ ಮುಗಿಸೋರು. ಇವರ್ಗೆಲ್ಲ ಫೇಸ್‌ಬುಕ್ಕಲ್ಲಿ ಒಂದೇ ದಿನ ವಿಶ್ ಮಾಡಿ ಮಾಡಿ ಕೈ ಸೋಲುತ್ತೆ. ಅದೇ ಜೂನ್ 1ಕ್ಕೆ, 1996ರಲ್ಲಿ, ಹೊಳೆನರಸೀಪುರ ತಾಲೂಕು ಹರದನಹಳ್ಳಿಯ ದೇವೇಗೌಡ್ರು ಪ್ರಧಾನಿಯಾಗಿ ಪ್ರಮಾಣವಚನ ತಗೊಂಡ್ರು. ರಾಜಕೀಯ ಬಿಡಿ, ಯಾರು ಯಾವ ಪಾರ್ಟಿನಾದ್ರೂ ಆಗ್ಲಿ, ಕನ್ನಡದೋರು ಮೊದಲ ಸಲ ಆ ಕುರ್ಚಿ ಮೇಲೆ ಕೂತ ದಿನ ಅದು. ಅವರ ಹುಟ್ಟುಹಬ್ಬ ಮೇ 18, 1933. ನಿಮ್ಮ ಕಾಲಮಲ್ಲಿ ಮೇ 18 ಅಂದ್ರೆ 1974ರ ಪೋಖ್ರಾನ್ ಪರೀಕ್ಷೆ ಮಾತ್ರ.

ಹಂಗಾಗಿ ಇಷ್ಟು ಮಾಡಿ. ಕಾಲಂ ಬರೆಯೋರಿಗೆ ದಿನಕ್ಕೆ ಎಂಟು ಸಾಲು ತುಂಬ್ಸಿ ಅಂತ ಹೇಳ್ಬೇಡಿ, ಮೂರೇ ವಿಷಯ ಸಾಕು, ಅದ್ರಲ್ಲಿ ಒಂದು ಪೇಪರ್ ಓದೋ ಜಿಲ್ಲೇದಾಗಿರ್ಲಿ, ಜಿಲ್ಲಾ ಎಡಿಷನ್ ಅಂತ ಇದ್ದೇ ಇದೆಯಲ್ಲ. ಹುಟ್ಟಿದೋರ ಊರು ತಾಲೂಕು ಹಾಕಿ. ಒಂದು ವಿಷಯಕ್ಕೆ ಇನ್ನೊಂದು ತಾಗ್ತಿದ್ರೆ ಆ ಕೊಂಡಿ ಹಾಕಿ. ನಮ್ಮ ಸ್ಕೂಲಿನ ಮಕ್ಳು ಹಾಸನ ಚಿಕ್ಕಮಗಳೂರು ಎರಡೂ ಜಿಲ್ಲೇದು ಒಂದು ನೋಟ್ ಬುಕ್ಕಲ್ಲಿ ತಾರೀಖು ಪ್ರಕಾರ ಬರ್ಕೊಳಕ್ಕೆ ಶುರು ಮಾಡಿದಾರೆ, ಬೇಕಂದ್ರೆ ಕಳಿಸ್ಕೊಡ್ತೀವಿ, ಆದ್ರೆ ಹಾಕೋ ಮುಂಚೆ ನಿಮ್ಮೋರು ಇನ್ನೊಂದ್ಸಲ ಚೆಕ್ ಮಾಡ್ಬೇಕು, ಮಕ್ಳ ಕೆಲಸ.

ಜಾಗ ಇಲ್ಲ ಅಂತ ಮಾತ್ರ ಹೇಳ್ಬೇಡಿ. ಪಕ್ಕದ ರಾಶಿಫಲದಲ್ಲಿ ಒಂದಿಂಚು ಕಡಿಮೆ ಮಾಡಿ, ನಮ್ಮದು ಸಿಂಹ ರಾಶಿ, ನಮಗೇನೂ ಬೇಜಾರಿಲ್ಲ.

ಇಂತಿ,
ಒಬ್ಬ ಹೈಸ್ಕೂಲ್ ಮೇಷ್ಟ್ರು, ಹಾಸನ