ಯಾರಿಗೆ ಮಾತು ಕೊಟ್ಟರು ಎಂಬುದೂ ಕಲೆಯ ಪ್ರಶ್ನೆಯೇ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲಿಷ್ ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಬಗ್ಗೆ ಬಂದ ಲೇಖನ ಓದಿದೆ. ಕಾದಂಬರಿಯಲ್ಲಿ ವರ್ಣಭೇದ ಹುಡುಕುವವರು ಸಾಹಿತ್ಯ ಓದುವುದಿಲ್ಲ, ಬರೀ ತಪ್ಪು ಹುಡುಕುತ್ತಾರೆ ಎಂಬುದು ಲೇಖಕರ ವಾದ. ಅದಕ್ಕೆ ಅವರು ಕೊಟ್ಟ ಉದಾಹರಣೆ ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚಿಬೆ. ಅಚಿಬೆ ಕಾನ್ರಾಡನನ್ನು 'ಬೈದರು' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಧಾರವಾಡದಲ್ಲಿ ಅಚಿಬೆ ಕಾನ್ರಾಡನ ಬಗ್ಗೆ ಬರೆದ ಪ್ರಬಂಧವನ್ನು ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಸುಮ್ನೆ ಇರಲು ಆಗಲಿಲ್ಲ.

ಅಚಿಬೆ 1975ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸ ಅದು. ಮೊದಲು ಅಚ್ಚಾದಾಗ ಅದರಲ್ಲಿ ಒಂದು ಒರಟು ಮಾತು ಇದ್ದದ್ದು ನಿಜ. ಆಮೇಲೆ ಅವರು ಆ ಮಾತನ್ನು ಬದಲಿಸಿದರು, ಕಾನ್ರಾಡ್ ವರ್ಣಭೇದಿ ಎಂಬ ತೀರ್ಪನ್ನು ಬದಲಿಸಲಿಲ್ಲ. ಆದರೆ ಪುಸ್ತಕ ಸುಡಿ ಎಂದು ಅಲ್ಲಿ ಎಲ್ಲೂ ಹೇಳಿಲ್ಲ. ಕಾನ್ರಾಡನ ಕಾದಂಬರಿ 'ಹಾರ್ಟ್ ಆಫ್ ಡಾರ್ಕ್‌ನೆಸ್' ಅನ್ನು ದೊಡ್ಡ ಕಲಾಕೃತಿ ಅನ್ನಬಹುದೇ ಎಂದು ಕೇಳಿ, ಅನ್ನಲಾಗದು ಎಂದು ತಾವೇ ಉತ್ತರಿಸಿದರು. ಆ ಉತ್ತರಕ್ಕೆ ಬರುವ ಮೊದಲು ಕತೆಯಲ್ಲಿ ಯಾರು ಮಾತಾಡುತ್ತಾರೆ ಎಂದು ಪುಟ ತಿರುವಿ ನೋಡಿದ್ದರು.

ಕತೆ ನಡೆಯುವುದು ಆಫ್ರಿಕದ ಕಾಂಗೋ ನದಿಯ ಮೇಲೆ. ಆನೆದಂತ ಕೂಡಿಸುವ ಕರ್ಟ್ಸ್ ಎಂಬ ಬಿಳಿಯ ಏಜೆಂಟನನ್ನು ಕರೆತರಲು ಮಾರ್ಲೋ ಎಂಬ ನಾವಿಕ ಹಡಗಿನಲ್ಲಿ ಹೋಗುತ್ತಾನೆ. ಎಲ್ಲೆಲ್ಲೂ ಕಪ್ಪು ಜನ. ಹೊರೆ ಹೊರುತ್ತಾರೆ, ಚುಕ್ಕಾಣಿ ಹಿಡಿಯುತ್ತಾರೆ, ಕುಣಿಯುತ್ತಾರೆ, ಮರದ ಬುಡದಲ್ಲಿ ಬಿದ್ದು ಸಾಯುತ್ತಾರೆ. ಅವರ ಬಾಯಿಂದ ಅರ್ಥವಾಗುವ ಮಾತು ಬರುವುದು ಎರಡೇ ಸಂದರ್ಭದಲ್ಲಿ. ಹಡಗಿನ ಆಳುಗಳ ಮುಖಂಡ, ದಡದ ಮೇಲಿನವರನ್ನು ಹಿಡಿದುಕೊಡಿ, ತಿನ್ನುತ್ತೇವೆ ಅನ್ನುತ್ತಾನೆ. ಇನ್ನೊಮ್ಮೆ ಕಂಪನಿ ಮ್ಯಾನೇಜರನ ಆಳು ಹುಡುಗ ಬಾಗಿಲಲ್ಲಿ ತಲೆ ಹಾಕಿ, ಕರ್ಟ್ಸ್ ಸತ್ತ ಎಂದು ಹೇಳುತ್ತಾನೆ. ಎರಡೂ ಹರಕು ಮುರುಕು ಇಂಗ್ಲಿಷಿನಲ್ಲಿ.

ಎಂ.ಎ. ತರಗತಿಯಲ್ಲಿ ಅಚಿಬೆ ಹೆಸರು ಎತ್ತುವ ಮೊದಲೇ ನಾನೊಂದು ಕೆಲಸ ಹಚ್ಚುತ್ತಿದ್ದೆ. ಆಫ್ರಿಕದವರು ಮಾತಾಡಿದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದು ತನ್ನಿ. ಹೆಚ್ಚಿನವರು ಖಾಲಿ ಪುಸ್ತಕ ತಂದು, ತಾವೇ ಎಲ್ಲೋ ಬಿಟ್ಟೆವೇನೋ ಎಂಬಂತೆ ನಿಲ್ಲುತ್ತಿದ್ದರು. ಒಮ್ಮೆ ಹಳಿಯಾಳ ಕಡೆಯ ಸಿದ್ದಿ ವಿದ್ಯಾರ್ಥಿನಿಯೊಬ್ಬಳು, ಕರ್ಟ್ಸ್ ಜೊತೆಗಿದ್ದ ಆಫ್ರಿಕದ ಹೆಂಗಸಿನ ಪುಟ ತೆಗೆದು, "ಇಷ್ಟೆಲ್ಲಾ ಒಡವೆ ಹಾಕ್ಸ್ಯಾರ, ಒಂದ್ ಮಾತ್ ಆಡ್ಸಿಲ್ಲಲ್ರೀ ಸರ್" ಅಂದಳು. ಅವಳ ಹಿರೀಕರು ಆಫ್ರಿಕದಿಂದ ಬಂದವರು, ಅದಕ್ಕೇ ಹಾಗೆ ಕೇಳಿದಳು ಅನ್ನಬೇಡಿ. ಆ ಪುಟ ಓದಿದ ಯಾರಿಗಾದರೂ ಹೊಳೆಯಬೇಕಾದದ್ದು ಅದು. ಮೊಣಕಾಲವರೆಗೆ ಹಿತ್ತಾಳೆ, ಕೊರಳ ತುಂಬ ಮಣಿಸರ, ಎಲ್ಲವನ್ನೂ ಕಾನ್ರಾಡ್ ಬಿಡದೆ ವರ್ಣಿಸುತ್ತಾನೆ. ಆಕೆ ಏನೋ ಕೂಗುತ್ತಾಳೆ, ಏನೆಂದು ನಮಗೆ ತಿಳಿಯುವುದಿಲ್ಲ. ಕರ್ಟ್ಸ್ ಎದುರು ಒಂದು ಗಂಟೆ ರೇಗಾಡಿದಳಂತೆ. ಹಾಗೆಂದು ವರದಿ ಕೊಡುವ, ಕರ್ಟ್ಸ್ ಜೊತೆಗಿದ್ದ ರಷ್ಯನ್ನಿಗೆ ಆಕೆಯ ಭಾಷೆಯೇ ಬರುವುದಿಲ್ಲ!

ಯುರೋಪಿನಲ್ಲಿ ಕರ್ಟ್ಸ್‌ಗೆ ನಿಶ್ಚಯವಾಗಿದ್ದ ಹುಡುಗಿಗೂ ಕತೆಯಲ್ಲಿ ಹೆಸರಿಲ್ಲ. ಆದರೆ ಕೊನೆಯ ಪುಟಗಳ ತುಂಬ ಅವಳ ಮಾತು. ದುಃಖ ಇಬ್ಬರಿಗೂ ಇದೆ, ವಾಕ್ಯ ಸಿಕ್ಕಿದ್ದು ಒಬ್ಬಳಿಗೆ. ಯಾರಿಗೆ ಸಂಭಾಷಣೆ ಕೊಡಬೇಕು, ಯಾರನ್ನು ದೂರದಿಂದ ತೋರಿಸಿ ಬಿಡಬೇಕು ಎಂದು ಬರೆಯುವವನು ತೀರ್ಮಾನಿಸುತ್ತಾನೆ ಅಲ್ವಾ? ಅದು ಕಲೆಗೆ ಸೇರಿದ್ದಲ್ಲ ಅಂದರೆ ಇನ್ಯಾವುದಕ್ಕೆ ಸೇರಿದ್ದು? ವಿಮರ್ಶಕ ಎಫ್.ಆರ್. ಲೀವಿಸ್ ಬಹಳ ಮೊದಲೇ ಕಾನ್ರಾಡನ ವಿಶೇಷಣಗಳು ಅತಿಯಾದವು ಎಂದು ಗೊಣಗಿದ್ದ. ಆ ವಿಶೇಷಣಗಳ ಮಂಜು ಯಾರ ಮುಖ ಮುಚ್ಚಿದೆ ಎಂದು ಕೇಳಿದ್ದು ಅಚಿಬೆ.

ಅವರು ಹೇಳಿದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ಕತೆ ಹೇಳುವ ಮಾರ್ಲೋನ ಮಾತೆಲ್ಲ ಕಾನ್ರಾಡನದ್ದೇ ಎಂದು ಅವರು ಸ್ವಲ್ಪ ಬೇಗ ತೀರ್ಮಾನಕ್ಕೆ ಬಂದರು. ಕಾನ್ರಾಡ್ 1890ರಲ್ಲಿ ಕಾಂಗೋಗೆ ಹೋಗಿ ಬಂದವನು. ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡ್ ಆಗ ಆ ನಾಡನ್ನು ಸ್ವಂತ ಆಸ್ತಿ ಮಾಡಿಕೊಂಡಿದ್ದ. ಕತೆಯಲ್ಲಿ ಹಡಗಿನ ಆಳುಗಳಿಗೆ ವಾರದ ಕೂಲಿ ಮೂರು ತುಂಡು ಹಿತ್ತಾಳೆ ತಂತಿ. ಅದನ್ನು ಕೊಟ್ಟು ದಡದ ಹಳ್ಳಿಗಳಲ್ಲಿ ಊಟಕ್ಕೆ ಕೊಳ್ಳಬೇಕು. ಒಂದೋ ಹಳ್ಳಿಗಳೇ ಇಲ್ಲ, ಇಲ್ಲವೇ ಹಡಗು ನಿಲ್ಲಿಸುವುದಿಲ್ಲ. ಇದನ್ನು ಬರೆದವನ ಸಿಟ್ಟು ಸುಳ್ಳಲ್ಲ. ಲಿಯೋಪೋಲ್ಡನ ವಿರುದ್ಧ ಹೋರಾಡಿದ ಇ.ಡಿ. ಮೊರೆಲ್ ಈ ಪುಸ್ತಕವನ್ನು ಮನಸಾರೆ ಮೆಚ್ಚಿದ್ದರು. ಆದರೂ ದೋಚುವವನ ಮೇಲಿನ ಸಿಟ್ಟೇ ಬೇರೆ, ದೋಚಿಸಿಕೊಂಡವನ ಮಾತಿಗೆ ಕಿವಿ ಕೊಡುವುದೇ ಬೇರೆ. ಮೊದಲನೆಯದು ಕಾನ್ರಾಡನಲ್ಲಿ ಜಾಸ್ತಿಯೇ ಇತ್ತು.

ಇಂಥ ಪ್ರಬಂಧಗಳಿಂದ ವಿದ್ಯಾರ್ಥಿಗಳ ಓದಿನ ಸುಖ ಹಾಳಾಗುತ್ತದೆ ಎಂದು ಲೇಖಕರು ಮರುಗಿದ್ದಾರೆ. ನಾನು ಕಂಡದ್ದು ಉಲ್ಟಾ. ಗೆರೆ ಎಳೆಯಲು ಕೂತವರು ಕಾದಂಬರಿಯನ್ನು ಎರಡೆರಡು ಸಲ ಓದುತ್ತಿದ್ದರು, ಗೈಡ್ ಮುಟ್ಟುತ್ತಿರಲಿಲ್ಲ. ನಮ್ಮ ಸಿಲೆಬಸ್ಸಿನಲ್ಲಿ ಕಾದಂಬರಿ ಒಂದು ಪೇಪರಿನಲ್ಲಿ, ಅಚಿಬೆಯ ಪ್ರಬಂಧ ಇನ್ನೊಂದು ಐಚ್ಛಿಕ ಪೇಪರಿನಲ್ಲಿ ಇತ್ತು. ಒಂದನ್ನು ಓದಿದವರು ಇನ್ನೊಂದನ್ನು ಓದದೆಯೇ ಪಾಸಾಗಬಹುದಿತ್ತು. ಸಿಲೆಬಸ್ ಮಾಡುವವರು ಯಾರಾದರೂ ಈ ಪತ್ರ ಓದುತ್ತಿದ್ದರೆ ಎರಡನ್ನೂ ಒಂದೇ ಪೇಪರಿಗೆ ಹಾಕಲಿ. ಅಚಿಬೆಯ ಮಾತನ್ನು ಒಪ್ಪದವರೂ ಆಗ ಕಾದಂಬರಿಯ ಪುಟ ತೋರಿಸಿಯೇ ಜಗಳ ಆಡಬೇಕಾಗುತ್ತದೆ.

ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಧಾರವಾಡ